ಮೂವತ್ತೊಂದು ಮನೆ, ಇಪ್ಪತ್ತನಾಲ್ಕು ಒಲೆ

2025ರ ಮಾರ್ಚ್ 2, ಭಾನುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷ. ಡೇರಿಯಲ್ಲಿ ಬೆಳಗಿನ ಹಾಲು ಅಳೆದು, ಕ್ಯಾನುಗಳು ವ್ಯಾನು ಹತ್ತಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ನಮ್ಮ ಊರಿನ ಕಡತ ತಾಲ್ಲೂಕು ಕಚೇರಿಗೆ ಹೋಗಿ ಇವತ್ತಿಗೆ ಹತ್ತು ದಿನ. ಉತ್ತರ ಬಂದಿಲ್ಲ. ಬರುವುದರೊಳಗೆ ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು. ಊರಿನಲ್ಲಿ ಆಗಲೇ ಅದನ್ನು ಮೂರು ಥರ ಹೇಳುತ್ತಿದ್ದಾರೆ. ಮೂರರಲ್ಲೂ ತಪ್ಪು ನನ್ನದೇ.

ತಪ್ಪು ನನ್ನದು ಹೌದು, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಪಕ್ಕದ ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ಬರೆದುಕೊಳ್ಳುವ ಕೆಲಸ ನನ್ನದು. ಯಾರ ಮನೆಯಿಂದ ಬೆಳಿಗ್ಗೆ ಎಷ್ಟು ಲೀಟರು, ಸಂಜೆ ಎಷ್ಟು, ಎಂದು ನಾಲ್ಕು ವರ್ಷದಿಂದ ಬರೆದೂ ಬರೆದೂ ಎಲ್ಲಕ್ಕೂ ತಾರೀಕು ಹಾಕುವ ಚಟ ಹತ್ತಿದೆ. ಹಾಗಾಗಿಯೇ ಸರ್ವೆಗೆ ತಾರೀಕು ಕೊಡುವ ಕೆಲಸವನ್ನು ಊರಿನವರು ನನಗೆ ಒಪ್ಪಿಸಿದ್ದರು. ಅದೊಂದು ತಾರೀಕನ್ನೇ ನಾನು ತಪ್ಪಾಗಿ ಕೊಟ್ಟೆ.

ನಮ್ಮ ಊರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ರಾಜಘಟ್ಟದ ಕಡೆಗೆ ಇದೆ. ಮನೆ 31, ಜನ 138, ಹಾಲು ಕೊಡುವ ಹಸು 44, ಊರಮ್ಮನ ಗುಡಿ ಒಂದು. ಕಂದಾಯದ ದಾಖಲೆಯಲ್ಲಿ ಮಾತ್ರ ಅದು ಬೇಚಿರಾಕ್ ಗ್ರಾಮ. ಅಂದರೆ ದೀಪ ಹಚ್ಚುವವರಿಲ್ಲದ ಊರು. ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಆದರೆ ಜನವಿಲ್ಲ ಎಂದು ಅರ್ಥ. ಯಾವ ಕಾಲದಲ್ಲಿ ಹಾಗೆ ಬರೆದರೋ ಗೊತ್ತಿಲ್ಲ. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ, ಆಗಲೇ ಯಾರೋ ಬಂದು ನೋಡಿ ಬರೆದುಕೊಂಡು ಹೋಗಿರಬೇಕು ಎಂದು ಅಜ್ಜಿ ಹೇಳುತ್ತಾಳೆ. ಅವಳಿಗೆ ಅವಳ ಅತ್ತೆ ಹೇಳಿದ್ದು. ಇದಕ್ಕೆ ಕಾಗದದ ಸಾಕ್ಷಿ ನನಗೆ ಸಿಕ್ಕಿಲ್ಲ, ಆದ್ದರಿಂದ ಇದನ್ನು ನನ್ನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಶಾಲೆಯಲ್ಲಿ ಜಿಲ್ಲೆಯ ಪಾಠವನ್ನು ಬಾಯಿಪಾಠ ಮಾಡಿದ್ದೆವು. ನಾಲ್ಕು ತಾಲ್ಲೂಕು: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನೋಡಬೇಕಾದ ಸ್ಥಳಗಳು: ದೇವನಹಳ್ಳಿಯ ಕೋಟೆ, ಶಿವಗಂಗೆಯ ಬೆಟ್ಟ, ಘಾಟಿಯ ನಾಗಪ್ಪ. ಆಮೇಲೆ ರಾಜಘಟ್ಟ, ಅಲ್ಲಿ ನೆಲ ಅಗೆದಾಗ ಬೌದ್ಧರ ಕಾಲದ ಇಟ್ಟಿಗೆಯ ಪಾಯ ಸಿಕ್ಕಿತು. ಆ ಜಾಗವನ್ನು ನೋಡಲು ಬೆಂಗಳೂರಿನಿಂದ ಬರುವವರು ದಾರಿ ತಪ್ಪಿ ನಮ್ಮ ಡೇರಿಯ ಮುಂದೆ ಕಾರು ನಿಲ್ಲಿಸುತ್ತಾರೆ. ಕಳೆದ ವರ್ಷ ಹದಿನೇಳು ಕಾರು. ಸಾವಿರ ವರ್ಷಕ್ಕೂ ಹಿಂದೆ ಖಾಲಿಯಾದ ಜಾಗಕ್ಕೆ ಅವರಿಗೆ ದಾರಿ ತೋರಿಸಿ ಒಳಗೆ ಬಂದು ಕೂತಾಗ ನನಗೆ ಒಂದೊಂದು ಸಲ ವಿಚಿತ್ರ ಅನ್ನಿಸುತ್ತಿತ್ತು. ಅಲ್ಲಿ ಯಾರೋ ವಾಸವಿದ್ದರು ಎನ್ನುವುದಕ್ಕೆ ದಾಖಲೆಯಿದೆ. ನಾವು ವಾಸವಿದ್ದೇವೆ ಎನ್ನುವುದಕ್ಕೆ ಇಲ್ಲ.

ಜನವಿಲ್ಲದ ಊರಿನಲ್ಲಿ ಮನೆ ಕಟ್ಟಿದರೆ ಅದು ಗೋಮಾಳದ ಒತ್ತುವರಿ. ಸುತ್ತಮುತ್ತಲಿನ ಜಮೀನುಗಳಿಗೆ ಒಂದಾದ ಮೇಲೊಂದು ತಂತಿ ಬೇಲಿ ಬಿದ್ದು, ಬಡಾವಣೆಯ ಬೋರ್ಡು ನಿಲ್ಲತೊಡಗಿದ ಮೇಲೆ ಈ ಮಾತು ನಮಗೆ ಹೆದರಿಕೆಯದ್ದಾಯಿತು. ಇಂಥ ಊರುಗಳನ್ನು ಕಂದಾಯ ಗ್ರಾಮ ಮಾಡಿ ಮನೆಗಳಿಗೆ ಹಕ್ಕುಪತ್ರ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಾವೂ ಅರ್ಜಿ ಹಾಕಿದೆವು. ಡಿಸೆಂಬರಿನಲ್ಲಿ ಡ್ರೋನು ಹಾರಿಸಿ ಮನೆಗಳ ನಕ್ಷೆ ತೆಗೆದುಕೊಂಡು ಹೋದರು. ಉಳಿದದ್ದು ಒಂದೇ ಕೆಲಸ. ಸರ್ವೆಯವರು ಬಂದು, ಪ್ರತಿ ಮನೆಯ ಮುಂದೆ ಆ ಮನೆಯ ಯಜಮಾನರನ್ನು ನಿಲ್ಲಿಸಿ ಫೋಟೋ ತೆಗೆದು, ಇಲ್ಲಿ ಜನ ವಾಸವಿದ್ದಾರೆ ಎಂದು ಬರೆಯಬೇಕು. ಬೀಗ ಹಾಕಿದ ಮನೆಯನ್ನು ಬೀಗ ಹಾಕಿದ ಮನೆ ಎಂದೇ ಬರೆಯುತ್ತಾರೆ, ಅದಕ್ಕೆ ಹಕ್ಕುಪತ್ರ ಇಲ್ಲ.

ಫೆಬ್ರವರಿ 7, ಶುಕ್ರವಾರ. ಗ್ರಾಮ ಆಡಳಿತಾಧಿಕಾರಿ ಮೇಡಂ ಫೋನು ಮಾಡಿದರು. ಸರ್ವೆಯವರು ಬರಲು 13ನೇ ತಾರೀಕು ಗುರುವಾರ ಅಥವಾ 18 ಮಂಗಳವಾರ, ಎರಡರಲ್ಲಿ ಒಂದು ಹೇಳು ಅಂದರು. ನಾನು ಯೋಚಿಸದೆ ಹೇಳಲಿಲ್ಲ. ನಮ್ಮ ಊರಿನ ಒಂಬತ್ತು ಮನೆಗಳಲ್ಲಿ ಕರೆಂಟು ಮಗ್ಗಗಳಿವೆ, ಬೇರೆಯವರಲ್ಲೂ ಬಹಳ ಜನ ದೊಡ್ಡಬಳ್ಳಾಪುರದ ಪವರ್‌ಲೂಮುಗಳಿಗೆ ಹೋಗುತ್ತಾರೆ. 18ರಂದು ಲೈನಿನ ಕೆಲಸಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ಕರೆಂಟು ತೆಗೆಯುತ್ತಾರೆ ಎಂದು ಮೊಬೈಲಿಗೆ ಸಂದೇಶ ಬಂದಿತ್ತು. ಮಗ್ಗ ನಿಂತರೆ ಊರೆಲ್ಲ ಮನೆಯಲ್ಲಿರುತ್ತದೆ. ಹಾಗಾಗಿ ಮಂಗಳವಾರ ಅಂದೆ. ಊರಿನ ವಾಟ್ಸಾಪ್ ಗುಂಪಿನಲ್ಲೂ ಹಾಕಿದೆ. ಹದಿನಾಲ್ಕು ಹೆಬ್ಬೆರಳು ಬಂದವು.

ಅದಾದ ಎರಡು ದಿನಕ್ಕೆ, ಭಾನುವಾರ ಸಂಜೆ, ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಹೊರಬೀಡಿನ ದಿನ ಗೊತ್ತು ಮಾಡಿದರು. ಅವರೂ ಯೋಚಿಸದೆ ಮಾಡಲಿಲ್ಲ. 18ರಂದು ಕರೆಂಟಿಲ್ಲ, ಮಗ್ಗ ನಿಲ್ಲುತ್ತೆ, ಎಲ್ಲರಿಗೂ ಬಿಡುವು, ಊರಮ್ಮನ ವಾರವಾದ ಮಂಗಳವಾರ ಬೇರೆ, ಎಂದು ಅದೇ ದಿನ ಇಟ್ಟರು. ನಾನು ಆ ಹೊತ್ತಿನಲ್ಲಿ ಡೇರಿಯಲ್ಲಿದ್ದೆ. ಬುಧವಾರ ಸಂಜೆ ತಮಟೆ ಬಡಿದು ಸಾರಿದಾಗಲೂ ಡೇರಿಯಲ್ಲಿದ್ದೆ. ನನಗೆ ಯಾರೂ ಪ್ರತ್ಯೇಕವಾಗಿ ಹೇಳಲಿಲ್ಲ, ಸಾರಿದ ಮೇಲೆ ಹೇಳುವುದೇನಿದೆ? ಹಿರಿಯರು ವಾಟ್ಸಾಪ್ ನೋಡುವವರಲ್ಲ. ಎರಡೂ ಗೊತ್ತಿದ್ದ ಹುಡುಗರು, ಬೆಳಿಗ್ಗೆ ಬೇಗ ಫೋಟೋ ಮುಗಿಸಿ ಹೊರಟರಾಯಿತು ಅಂದುಕೊಂಡಿದ್ದರಂತೆ.

ಹೊರಬೀಡು ನೋಡದವರಿಗೆ ಎರಡು ಮಾತು. ವರ್ಷಕ್ಕೊಂದು ದಿನ ಊರಿಗೆ ಊರೇ ಮನೆ ಬಿಟ್ಟು ಎಲ್ಲೆಯಾಚೆ ಹೋಗುತ್ತದೆ. ಹೊತ್ತು ಹುಟ್ಟುವುದಕ್ಕೆ ಮುಂಚೆ ಬೀಗ ಹಾಕಿ, ದನ, ಕುರಿ, ಕೋಳಿ, ನಾಯಿ ಎಲ್ಲವನ್ನೂ ಹೊರಡಿಸಿ, ಊರ ಬಾಗಿಲಿಗೆ ಜಾಲಿ ಮುಳ್ಳು ಎಳೆಯುತ್ತಾರೆ. ಹೊತ್ತು ಮುಳುಗುವವರೆಗೆ ಊರೊಳಗೆ ಒಲೆ ಉರಿಯಬಾರದು, ಯಾವ ಜೀವವೂ ಉಸಿರಾಡಬಾರದು. ಊರಿಗಿರುವ ಪೀಡೆಯೆಲ್ಲ ಖಾಲಿ ಮನೆ ನೋಡಿ ಹೊರಟುಹೋಗಲಿ ಎಂದು. ಆಚೆ ಮರಗಳ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಂಡು, ಸಂಜೆ ಅರಿಶಿನದ ನೀರು ಚಿಮುಕಿಸಿಕೊಂಡು ಒಳಗೆ ಬರುತ್ತಾರೆ.

15ನೇ ತಾರೀಕು ಶನಿವಾರ ಮಧ್ಯಾಹ್ನ ಎರಡೂವರೆಗೆ ಅಜ್ಜಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿಕೊಡು ಅಂದಳು. ಯಾಕೆ ಅಂದೆ. ಮಂಗಳವಾರಕ್ಕೆ ಅಂದಳು. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಕೂತೆ. ಜನ ಇದ್ದಾರೋ ಇಲ್ಲವೋ ನೋಡಲು ಸರ್ಕಾರ ಬರುವ ದಿನವೇ ಊರು ಖಾಲಿ.

ಮೇಡಂಗೆ ಆ ಮಧ್ಯಾಹ್ನ ಮತ್ತು ಮಾರನೇ ದಿನ ಒಟ್ಟು ಹನ್ನೊಂದು ಸಲ ಫೋನು ಮಾಡಿದೆ, ನಾಲ್ಕು ಸಲ ಸಿಕ್ಕರು. ಅವರು ಸಿಡುಕಲಿಲ್ಲ. 20ನೇ ತಾರೀಕಿಗೆ ಪಟ್ಟಿ ಕಳಿಸಲೇಬೇಕು, ಸರ್ವೆಯವರಿಗೆ ಬುಧವಾರ, ಗುರುವಾರ ಬೇರೆ ಊರಿದೆ, ಈ ಸುತ್ತು ತಪ್ಪಿದರೆ ಮುಂದಿನದ್ದು ಯಾವಾಗ ಎಂದು ತಮಗೂ ಗೊತ್ತಿಲ್ಲ ಅಂದರು. ಹಿರಿಯರನ್ನೇ ಕೇಳಿ ನೋಡು ಅಂದರು.

ಹಿರಿಯರು ಅಂದರೆ ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ. ನಮ್ಮದು 17ನೇ ಮನೆ, ಅವರದು 16. ನಡುವೆ ಒಂದು ಗೋಡೆ. ಒಂಬತ್ತು ವರ್ಷದ ಹಿಂದೆ ಭಾಗವಾದಾಗ ಎದ್ದ ಗೋಡೆ ಅದು, ಆವತ್ತಿನಿಂದ ಅಪ್ಪನಿಗೂ ಅವರಿಗೂ ಮಾತಿಲ್ಲ. ಅಜ್ಜಿ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ನನ್ನ ಜೊತೆ ದೊಡ್ಡಪ್ಪ ಚೆನ್ನಾಗಿಯೇ ಇದ್ದಾರೆ. ಭಾನುವಾರ ಸಂಜೆ ಹೋಗಿ ಕೇಳಿದೆ.

"ದೊಡ್ಡಪ್ಪಾ, ಹೊರಬೀಡು ಶುಕ್ರವಾರಕ್ಕೆ ಹಾಕ್ಕೊಳ್ಳೋಕಾಗಲ್ವಾ?"

"ಸಾರಿದ್ದಾಯ್ತಲ್ಲವ್ವ. ಆ ಸರ್ವೆಯವನಿಗೇ ಹೇಳು, ಇನ್ನೊಂದಿನ ಬರಲಿ."

"ಅವರು ಇನ್ನೊಂದಿನ ಬರಲ್ಲ ಅಂತಾರೆ."

"ಊರಮ್ಮನೂ ಬರಲ್ಲ ಅಂತಾಳೆ," ಅಂದು ದೊಡ್ಡಪ್ಪ ಹಸುವಿನ ಮುಂದೆ ಹುಲ್ಲು ಹಾಕಿದರು.

ಮನೆಗೆ ಒಬ್ಬರಾದರೂ ಉಳಿಯಬಹುದಾ ಅಂದೆ. ಒಬ್ಬರಲ್ಲ, ಒಂದು ಕೋಳಿ ಉಳಿದರೂ ಇಡೀ ಊರು ಹೊರಗೆ ಹೋದದ್ದು ದಂಡ ಅಂದರು. ಹಕ್ಕುಪತ್ರ ಬೇಡವಾ ಅಂದೆ. ಬೇಕು ಅಂದರು. ಆಮೇಲೆ, ಅವನು ಬರಲಿ, ಮುಳ್ಳಿನ ಹತ್ತಿರ ನಿಲ್ಲಿಸಿಕೊಂಡು ಮಾತಾಡೋಣ ಅಂದರು. ನನಗೆ ಅಷ್ಟು ಸಾಕಾಗಲಿಲ್ಲ.

ಸೋಮವಾರ ನಾನು ನನಗೆ ತಿಳಿದದ್ದು ಮಾಡಿದೆ. ಮನೆಗಳ ಪಟ್ಟಿ ಮೂರು ಪ್ರತಿ ಬರೆದೆ: ಮನೆ ನಂಬರು, ಯಜಮಾನರು, ಜನ, ಪಡಿತರ ಚೀಟಿ, ಡೇರಿಗೆ ಹಾಕುವ ಹಾಲು. ಒಂದು ಡಬ್ಬಿ ಸೀಮೆಸುಣ್ಣ ತಂದೆ. ನಾವು ಹೊರಬೀಡಿಗೆ ಹೋಗುವ ಹೊಂಗೆ ತೋಪಿನಲ್ಲಿ ಎಲ್ಲರೂ ಮನೆ ನಂಬರಿನ ಸಾಲಿನಲ್ಲೇ ಒಲೆ ಹೂಡಬೇಕು, ಒಲೆಯ ಕಲ್ಲಿನ ಮೇಲೆ ನಂಬರು ಬರೆದುಕೊಳ್ಳಬೇಕು ಎಂದು ಮನೆಮನೆಗೂ ಹೋಗಿ ಹೇಳಿ ಬಂದೆ. ಊರು ಇಲ್ಲದ ದಿನ ತೋಪಿನಲ್ಲಿ ಊರನ್ನೇ ಕೂರಿಸಿ ತೋರಿಸುವುದು ನನ್ನ ಲೆಕ್ಕ. ನಕ್ಕರು, ಆದರೆ ಒಪ್ಪಿದರು. 

ಫೆಬ್ರವರಿ 18. ಬೆಳಗಿನ ಜಾವ ಹಾಲು ಕರೆದದ್ದಾಯಿತು. 6.20ಕ್ಕೆ ಮುಳ್ಳು ಬಿತ್ತು. ಡೇರಿಗೆ ಓಡಿ ಕೆಲಸ ಮುಗಿಸಿ 9.15ಕ್ಕೆ ವಾಪಸು ಬಂದು ಮುಳ್ಳಿನ ಈಚೆ ನಿಂತೆ. ತೋಪು ಅಲ್ಲಿಂದ ಆರುನೂರು ಹೆಜ್ಜೆ. ಒಳಗೆ ನಮ್ಮ ಬೀದಿ ಕಾಣುತ್ತಿತ್ತು. ಬಾಗಿಲಿಗೆಲ್ಲ ಬೀಗ, ಒಂದು ಗುಬ್ಬಿಯ ಸದ್ದು ಬಿಟ್ಟರೆ ಏನೂ ಇಲ್ಲ. ಇಷ್ಟು ವರ್ಷ ಹೊರಬೀಡಿನ ದಿನ ನಾನು ಹಿಂತಿರುಗಿ ನೋಡಿದವಳಲ್ಲ. ಆವತ್ತು ಎರಡು ಗಂಟೆಗೂ ಹೆಚ್ಚು ಹೊತ್ತು ಅದನ್ನೇ ನೋಡಿದೆ. ಯಾರಾದರೂ ಹೊರಗಿನವರು ಬಂದು ನೋಡಿದರೆ ಬೇಚಿರಾಕ್ ಎಂದೇ ಬರೆಯುತ್ತಾರೆ, ಅವರ ತಪ್ಪೂ ಅಲ್ಲ.

ಸರ್ವೆಯವರು 11.40ಕ್ಕೆ ಬೈಕಿನಲ್ಲಿ ಒಬ್ಬರೇ ಬಂದರು. ಮೂವತ್ತೈದರ ಸುಮಾರಿನವರು. ಮುಳ್ಳು ನೋಡಿದವರೇ ಬೈಕು ನಿಲ್ಲಿಸಿ, ಕಾಲು ಮುಂದಿಡಲಿಲ್ಲ.

"ಹೊರಬೀಡಾ?"

ಹೌದು ಅಂದೆ. ಅವರ ತಾಯಿಯ ಊರು ಮಾಗಡಿ ಕಡೆ, ಅಲ್ಲೂ ಮಾಡುತ್ತಾರಂತೆ. ನನಗೆ ಸ್ವಲ್ಪ ಧೈರ್ಯ ಬಂತು. ಪಟ್ಟಿ ಕೊಟ್ಟೆ. ಅವರು ಓದಿ, ಪಟ್ಟಿ ಯಾರು ಬೇಕಾದರೂ ಬರೆಯಬಹುದು, ತಾವು ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು ಅಂದರು. ನಾನು ತೋಪಿನ ಕಡೆ ಕೈ ತೋರಿಸಿದೆ. ಹೊಗೆ ಏಳುತ್ತಿತ್ತು. ಅವರು ಅದನ್ನೇ ನೋಡುತ್ತ ನಿಂತು, ಆಮೇಲೆ ಹೇಳಿದ ಮಾತು ಇದು. ಆವತ್ತೇ ಬರೆದಿಟ್ಟುಕೊಂಡೆ:

"ಮನೆ ಮುಂದೆ ನಿಲ್ಲಲ್ಲ ಅಂದ್ರೆ ಒಲೆ ಮುಂದೆ ನಿಲ್ಲಿ. ಒಂದು ಒಲೆಗೆ ಒಂದು ಮನೆ. ಇಬ್ಬರಿಗೂ ಒಂದೇ ಒಲೆ ಅಂದ್ರೆ ನಾನು ಒಂದೇ ಮನೆ ಬರ್ಕೋತೀನಿ, ಆಮೇಲೆ ಜಗಳ ಆಡಬಾರದು ನೋಡಮ್ಮ."

ನಾನು ಸಂತೋಷದಿಂದ ಒಪ್ಪಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವರ ಜೊತೆ ತೋಪಿಗೆ ನಡೆದು, ಅವರು ಟೋಪಿ ತೆಗೆದು ನೀರು ಕುಡಿಯುವುದರೊಳಗೆ ಸಾಲು ಎಣಿಸಿದೆ. ಇಪ್ಪತ್ತನಾಲ್ಕು. ಮತ್ತೆ ಎಣಿಸಿದೆ. ಇಪ್ಪತ್ತನಾಲ್ಕು. ಏಳು ಒಲೆ ಇಲ್ಲ.

ಆಗ ನೆನಪಾಯಿತು. ನೆನಪಾಯಿತು ಅನ್ನುವುದೂ ತಪ್ಪು, ಮರೆತೇ ಇರಲಿಲ್ಲ, ಲೆಕ್ಕಕ್ಕೆ ತಂದಿರಲಿಲ್ಲ ಅಷ್ಟೆ. ನಮ್ಮಲ್ಲಿ ಭಾಗವಾದ ಅಣ್ಣತಮ್ಮಂದಿರು ಹೊರಬೀಡಿನ ದಿನ ಒಂದೇ ಒಲೆಯಲ್ಲಿ ಬೇಯಿಸುತ್ತಾರೆ. ಊರು ಬಿಟ್ಟ ಮೇಲೆ ಗೋಡೆ ಎಲ್ಲಿಯದು ಎನ್ನುವುದು ಅದರ ಹಿಂದಿನ ಮಾತು. ವರ್ಷಕ್ಕೊಂದು ದಿನ ನಾನೂ ದೊಡ್ಡಪ್ಪನ ಒಲೆಯ ಮುದ್ದೆ ಉಂಡಿದ್ದೇನೆ. ಒಂಬತ್ತು ವರ್ಷ, ಒಂಬತ್ತು ಊಟ. ಆ ದಿನ ಅಪ್ಪನೂ ದೊಡ್ಡಪ್ಪನೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಮಾತಾಡುವುದಿಲ್ಲ, ಉಪ್ಪಿನ ಬಟ್ಟಲನ್ನು ಒಬ್ಬರು ಇನ್ನೊಬ್ಬರ ಕಡೆ ತಳ್ಳುತ್ತಾರೆ. ನಂಬರು ಬರೆಯಲು ಸೀಮೆಸುಣ್ಣ ಕೊಟ್ಟಾಗ ಏಳು ಕಡೆ ಒಂದೇ ಕಲ್ಲಿನ ಮೇಲೆ ಎರಡೆರಡು ನಂಬರು ಬರೆದಿದ್ದರು. ನಮ್ಮ ಒಲೆಯ ಮೇಲೂ 16, 17 ಎಂದಿತ್ತು, ಅಪ್ಪನ ಕೈಬರಹ.

ಸರ್ವೆಯವರೂ ಎಣಿಸಿದರು. ಇಪ್ಪತ್ತನಾಲ್ಕು ಅಂದರು. ಒಂದೇ ಒಲೆ ನಮ್ಮ ಪದ್ಧತಿ ಎಂದು ವಿವರಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಾಗಾದರೆ ಬೇರೆ ಬೇರೆ ಹೂಡಲು ಹೇಳು, ಮೂರು ಕಲ್ಲು ತಾನೆ, ಎರಡು ಗಂಟೆಗೆ ತಾವು ಹೊರಡಬೇಕು ಅಂದರು.

ಮೂರು ಕಲ್ಲು ತಾನೆ. ನಾನು ಏಳು ಒಲೆಗಳ ಹತ್ತಿರವೂ ಹೋಗಿ ಹೇಳಿದೆ. ಮೊದಮೊದಲು ಯಾರೂ ಏಳಲಿಲ್ಲ. ಆಮೇಲೆ 4ನೇ ಮನೆಯವರು ನಗುತ್ತ ಎದ್ದರು. "ಬಾರೋ, ಫೋಟೋಕ್ಕೆ ಇನ್ನೊಂದ್ಸಲ ಭಾಗ ಆಗೋಣ," ಅಂದರು ತಮ್ಮನಿಗೆ. "ಈ ಸಲ ದೊಡ್ಡ ಪಾತ್ರೆ ನಂದು ಕಣೋ," ಅಂದ ತಮ್ಮ. ಅವರ ಹೆಂಡತಿಯರು ನಗಲಿಲ್ಲ. ಅದನ್ನು ನೋಡಿ ಇನ್ನೈದು ಕಡೆ ಕಲ್ಲು ಹುಡುಕಿದರು. 12.55ಕ್ಕೆ ಮೂವತ್ತಾಯಿತು. ಉಳಿದದ್ದು ನಮ್ಮದು.

ನಮ್ಮ ಒಲೆಯ ಮುಂದೆ ಅಜ್ಜಿ ಕೂತು ಅವರೆಕಾಳಿನ ಸಾರು ತಿರುಗಿಸುತ್ತಿದ್ದಳು. ಒಂದು ಕಡೆ ಅಪ್ಪ, ಒಂದು ಕಡೆ ದೊಡ್ಡಪ್ಪ. ನಾನು ಹೇಳಿದ್ದು ಇಬ್ಬರಿಗೂ ಕೇಳಿಸಿತು. ಅಜ್ಜಿ ಸೌಟು ನಿಲ್ಲಿಸದೆ ಅಂದಳು:

"ವರ್ಷಕ್ಕೊಂದು ದಿನ. ಅದನ್ನೂ ಒಡೀಬೇಕೇನ್ರೋ."

 ಅಪ್ಪ ನೆಲ ನೋಡುತ್ತಿದ್ದ. ಅವನು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ತಾನೇ ಎದ್ದರೆ, ಇವನೇ ಮೊದಲು ಬೇರೆಯಾದವನು ಎಂದು ಭಾಗದ ದಿನ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ದೊಡ್ಡಪ್ಪ ಎದ್ದರೆ ತಮ್ಮನನ್ನು ಒಲೆಯಿಂದ ಎಬ್ಬಿಸಿದ ಹಾಗೆ. ಯಾರೂ ಏಳದಿದ್ದರೆ 16 ಉಳಿಯುತ್ತದೆ, 17 ಬೀಗ ಹಾಕಿದ ಮನೆಯಾಗುತ್ತದೆ. ಅಮ್ಮ ನನ್ನ ಕಡೆ ನೋಡಿದಳು. ಸರ್ವೆಯವರು ದೂರದಲ್ಲಿ 30ನೇ ಒಲೆಯ ಫೋಟೋ ತೆಗೆಯುತ್ತಿದ್ದರು. ನಾನು ಗಡಿಯಾರ ನೋಡಿದೆ. 1.10. ಮತ್ತೆ ನೋಡಿದೆ, 1.10. ಬೇಡ ಬಿಡಿ ಎಂದು ಹೇಳಿಬಿಡಬೇಕು ಅನ್ನಿಸಿತು. ಹೇಳುವ ಧೈರ್ಯವೂ ಬರಲಿಲ್ಲ, ಅದು ನನ್ನೊಬ್ಬಳ ಮನೆಯಲ್ಲ.

ಎದ್ದವರು ದೊಡ್ಡಪ್ಪ. ತೋಪಿನ ಅಂಚಿಗೆ ಹೋಗಿ ಒಂದೊಂದೇ ಕಲ್ಲು ತಂದರು, ಮೂರು ಸಲ. ನಮ್ಮ ಒಲೆಯಿಂದ ಎಂಟು ಹೆಜ್ಜೆ ಆಚೆ, ನೆಲ ಕಾಲಲ್ಲಿ ಸರಿಮಾಡಿ, ತಾವೇ ಹೂಡಿದರು. ವಾಪಸು ಬಂದು ಉರಿಯುತ್ತಿದ್ದ ಒಂದು ಕೊಳ್ಳಿಯನ್ನು ಎಳೆದುಕೊಂಡರು. ಅಪ್ಪನೂ ಎದ್ದು ಹಿಂದೆಯೇ ಹೋದ. ಕೊಳ್ಳಿ ಒಳಗಿಟ್ಟು ಸೌದೆ ಒಟ್ಟಿ, ದೊಡ್ಡಪ್ಪ ಅಪ್ಪನ ಮುಖ ನೋಡಿಯೇ ಹೇಳಿದರು:

"ಗಾಳಿಗೆ ಬೆನ್ನು ಕೊಟ್ಟು ಕೂತ್ಕೋ. ಆರಿಬಿಡುತ್ತೆ."

ಅಪ್ಪ ಹಾಗೇ ಕೂತ. ಅಮ್ಮ ಖಾಲಿ ಪಾತ್ರೆಗೆ ನೀರು ಹಾಕಿ ತಂದಿಟ್ಟಳು. ನಾನು ಕಲ್ಲಿನ ಮೇಲೆ 17 ಎಂದು ಬರೆದೆ, ಹಳೆಯ ಕಲ್ಲಿನ ಮೇಲಿದ್ದ 17 ಅನ್ನು ದೊಡ್ಡಮ್ಮ ಸೆರಗಿನಿಂದ ಒರೆಸಿದರು. 1.35ಕ್ಕೆ ಫೋಟೋ ಆಯಿತು. ಒಲೆ ಮೂವತ್ತೊಂದು. ಸರ್ವೆಯವರು ಬರೆದದ್ದನ್ನು ನನಗೆ ತೋರಿಸಿದರು: ಸಂಪ್ರದಾಯದ ಕಾರಣ ಮನೆಗಳಿಗೆ ಬೀಗ ಇತ್ತು, ನಿವಾಸಿಗಳು ಎಲ್ಲೆಯ ಆಚೆ ಇದ್ದರು, ಕುಟುಂಬ 31. ಮೊದಲ ವಾಕ್ಯ ಬೇಕಿತ್ತಾ ಎಂದು ಕೇಳಿದೆ. ಕಂಡದ್ದು ಅದೇ ಅಲ್ಲವಾ ಅಂದರು. ಊಟಕ್ಕೆ ಕೂರಿಸಿದೆವು, ಎರಡು ತುತ್ತು ಉಂಡು ಹೊರಟರು.

ಅವರು ಹೋದ ಮೇಲೆ ನಮ್ಮ ಒಲೆಯನ್ನು ಆರಿಸಿ ಮತ್ತೆ ಒಟ್ಟಿಗೆ ಕೂರಬಹುದು ಅಂದುಕೊಂಡಿದ್ದೆ. ಹೊರಬೀಡಿನಲ್ಲಿ ಹಚ್ಚಿದ ಬೆಂಕಿಗೆ ಹೊತ್ತು ಮುಳುಗುವವರೆಗೆ ನೀರು ಹಾಕಬಾರದಂತೆ. ಅದನ್ನೂ ನಾನು ತಿಳಿದುಕೊಂಡಿರಲಿಲ್ಲ. ಆ ಏಳು ಮನೆತನಗಳು ಎರಡೆರಡು ಬೆಂಕಿಯ ಮುಂದೆ ಉಂಡವು. ಅಜ್ಜಿ ಎಂಟು ಹೆಜ್ಜೆಯ ನಡುವೆ ಚಾಪೆ ಎಳೆದುಕೊಂಡು, ಎರಡೂ ಕಡೆಯಿಂದ ಅರ್ಧರ್ಧ ಮುದ್ದೆ ಹಾಕಿಸಿಕೊಂಡಳು.

20ರಂದು ಪಟ್ಟಿ ಹೋಯಿತು. 27ರಂದು ವಿಚಾರಿಸಿದೆ. ಫೋಟೋಗಳು ಮನೆಯ ಮುಂದೆ ತೆಗೆದವಲ್ಲ, ಏನು ಮಾಡಬೇಕು ಎಂದು ಮೇಲಿನವರನ್ನು ಕೇಳಿದ್ದಾರೆ ಎಂದು ಮೇಡಂ ಹೇಳಿದರು. ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ. ನಾನು ದಿನಕ್ಕೆ ಒಂದೇ ಸಲ ಫೋನು ಮಾಡುವುದು ಎಂದು ನಿಯಮ ಹಾಕಿಕೊಂಡಿದ್ದೇನೆ.

ಇನ್ನೊಂದನ್ನೂ ಬರೆಯಬೇಕು. 21ರಿಂದ 23ರವರೆಗೆ ಅಜ್ಜಿಗೆ ಜ್ವರ ಬಂತು. ಬಿಟ್ಟಿದೆ, ಕೆಮ್ಮು ಉಳಿದಿದೆ. ಋತು ಬದಲಾಗುವ ಕಾಲ, ಆ ವಾರ ಡೇರಿಗೆ ಬರುವವರಲ್ಲೇ ಎಂಟು ಜನ ಕೆಮ್ಮುತ್ತಿದ್ದರು. ಆದರೂ 16ರಲ್ಲಿ ದೊಡ್ಡಮ್ಮ, 17ರಲ್ಲಿ ಅಮ್ಮ, ಇಬ್ಬರೂ ಒಲೆಯ ವಿಷಯ ಎತ್ತುವುದಿಲ್ಲ. ಒಲೆ ಒಡೆದದ್ದಕ್ಕೇ ಜ್ವರ ಬಂತು ಎಂಬ, ಬಾಯಿಗೆ ಬರದ ಮಾತು ಎರಡು ಮನೆಯಲ್ಲೂ ಓಡಾಡುತ್ತಿದೆ. ದೊಡ್ಡಪ್ಪ ಮತ್ತು ಅಪ್ಪ ಮತ್ತೆ ಮಾತಾಡಿಲ್ಲ. ಮುಂದಿನ ವರ್ಷ ಎಷ್ಟು ಒಲೆ ಹೂಡಬೇಕು ಎಂದು ಅರಳಿಕಟ್ಟೆಯಲ್ಲಿ ಆಗಲೇ ಕೇಳಿದವರಿದ್ದಾರೆ. ಒಂದೇ ಎಂದು ಕೆಲವರು, ದಾಖಲೆಯಲ್ಲಿ ಎರಡು ಎಂದು ಬರೆಸಿದ ಮೇಲೆ ಒಂದು ಹೇಗೆ ಎಂದು ಕೆಲವರು.

ಇದನ್ನು ಓದುವವರಲ್ಲಿ ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಕಡೆಯ ಬೇಚಿರಾಕ್ ಊರಿನವರು ಇರಬಹುದು, ಅಂಥ ಕಡತಗಳನ್ನು ನೋಡಿದ ಕಚೇರಿಯವರೂ ಇರಬಹುದು. ಮನೆಗೆ ಬೀಗವಿದ್ದ ದಿನ ನಡೆದ ಪರಿಶೀಲನೆಯನ್ನು ಎಲ್ಲಾದರೂ ಒಪ್ಪಿದ್ದುಂಟೇ, ಜೊತೆಗೆ ಯಾವ ಕಾಗದ ಇಟ್ಟಿದ್ದರು ಎನ್ನುವುದು ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಹೊರಬೀಡಿನ ದಿನ ಒಂದು ಒಲೆ ಎರಡಾದರೆ, ಅದನ್ನು ಮತ್ತೆ ಒಂದು ಮಾಡುವ ಕ್ರಮ ನಿಮ್ಮ ಊರಿನ ಹಿರಿಯರಿಗೆ ತಿಳಿದಿದ್ದರೆ ಅದನ್ನೂ ಬರೆಯಿರಿ. ನಮ್ಮಲ್ಲಿ ಕೇಳಿದೆ. ಹಾಗೆ ಯಾವತ್ತೂ ಆಗಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಿಲ್ಲ.